ಹೆಸರು ಒಂದೇ, ಉತ್ತರ ಎರಡು: ಮೇನ್‌ಫ್ರೇಮಿನಲ್ಲಿ ಡಿಎನ್‌ಎಸ್ ದೋಷ ಹುಡುಕುವ ಬಗೆ

ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊಟ್ಟ ಉಪನ್ಯಾಸವನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಎದುರಿಗೆ ಕೂತವರಲ್ಲಿ ಅರ್ಧದಷ್ಟು ಜನ ಕೊನೆಯ ವರ್ಷದ ವಿದ್ಯಾರ್ಥಿಗಳು, ಉಳಿದವರು ಒಂದೆರಡು ವರ್ಷದಿಂದ ಮೇನ್‌ಫ್ರೇಮ್ (ಬ್ಯಾಂಕಿನಂಥ ದೊಡ್ಡ ಸಂಸ್ಥೆಗಳು ಬಳಸುವ ಭಾರೀ ಕಂಪ್ಯೂಟರ್) ಕೆಲಸದಲ್ಲಿರುವವರು. ಅಂದು ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾದ್ದರಿಂದ ಅಲ್ಲಲ್ಲಿ ಕೆಲವು ವಾಕ್ಯಗಳನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಕೂತು ಅಮೆರಿಕದ ಮೇನ್‌ಫ್ರೇಮ್ ನೋಡಿಕೊಳ್ಳುವವರಿಗೆ ಅಲ್ಲಿನ ರಾತ್ರಿಯ ಬ್ಯಾಚ್ (ಸಾಲಾಗಿ ಓಡಿಸುವ ಕೆಲಸಗಳು, ಒಂದೊಂದೂ ಒಂದು ಜಾಬ್) ಇಲ್ಲಿನ ಬೆಳಗಿನ ಕಾಫಿ ಹೊತ್ತಿಗೆ ಬರುತ್ತದೆ. ಹಾಗೊಂದು ಸೋಮವಾರ ಬೆಳಿಗ್ಗೆ, ಅಲ್ಲಿ ಇನ್ನೂ ಭಾನುವಾರ ರಾತ್ರಿ, ಕೋಬಾಲ್ ಭಾಷೆಯ ಒಂದು ಪ್ರೋಗ್ರಾಂ ಹೊರಗಿನ ಸರ್ವರ್ ಒಂದಕ್ಕೆ ದಿನದ ಲೆಕ್ಕ ಕಳಿಸಬೇಕಿತ್ತು. ಆ ಸರ್ವರ್‌ನ ಹೆಸರಿಗೆ ಐಪಿ ವಿಳಾಸ ಸಿಗಲಿಲ್ಲ ಎಂದು ಜಾಬ್ ನಿಂತುಬಿಟ್ಟಿತು. ಯಂತ್ರದ ಹೆಸರು ಕೊಟ್ಟರೆ ಅದರ ಐಪಿ ವಿಳಾಸ, ಅಂದರೆ ಅಂಕಿಗಳ ವಿಳಾಸ, ಹೇಳುವ ವ್ಯವಸ್ಥೆಯೇ ಡಿಎನ್‌ಎಸ್. ಅದರಲ್ಲಿ ಉತ್ತರ ಕೊಡುವ ಯಂತ್ರ ನೇಮ್ ಸರ್ವರ್. ನಾನು ಮೇನ್‌ಫ್ರೇಮಿನದೇ ಯುನಿಕ್ಸ್ ಶೆಲ್‌ಗೆ ಹೋಗಿ ಅದೇ ಹೆಸರಿಗೆ ಪಿಂಗ್ ಕೊಟ್ಟೆ, ಅಂದರೆ ಆ ಯಂತ್ರ ಓಗೊಡುತ್ತದೆಯೇ ಎಂದು ಕೂಗಿ ನೋಡಿದೆ. ಉತ್ತರ ಬಂತು. ಮೇನ್‌ಫ್ರೇಮಿನ ಹಳೆಯ ಕಮಾಂಡ್ ಪರದೆಯಾದ ಟಿಎಸ್‌ಓದಿಂದ ಪಿಂಗ್ ಕೊಟ್ಟೆ. ಬಂತು. ನೇಮ್ ಸರ್ವರನ್ನು ಕೇಳುವ ಎನ್‌ಎಸ್‌ಲುಕಪ್ ಕಮಾಂಡ್ ಓಡಿಸಿದೆ. ಅದೂ ಸರಿಯಾದ ವಿಳಾಸವನ್ನೇ ಹೇಳಿತು. ಜಾಬನ್ನು ಮತ್ತೆ ಓಡಿಸಿದೆವು. ಮತ್ತೆ ಅದೇ ತಪ್ಪಿಗೆ ನಿಂತಿತು.

ಕಾನ್ಫರೆನ್ಸ್ ಕಾಲ್ ಶುರುವಾಯಿತು. ನೆಟ್‌ವರ್ಕ್ ತಂಡದವರು ಡಿಎನ್‌ಎಸ್ ಚೆನ್ನಾಗಿಯೇ ಇದೆ ಎಂದರು. ಅವರು ಹೇಳಿದ್ದು ನಿಜ. ಅಪ್ಲಿಕೇಶನ್ ತಂಡದವರು ಪ್ರೋಗ್ರಾಂ ಮುಟ್ಟಿ ವರ್ಷಗಳೇ ಆದವು ಎಂದರು. ಅದೂ ನಿಜ. ಸಿಸ್ಟಂ ಕಡೆಯಿಂದ ನಾವು ಏನೂ ಬದಲಾಯಿಸಿಲ್ಲ ಎಂದೆವು. ನಮ್ಮ ಮಾತೂ ನಿಜವೇ. ಎಲ್ಲರೂ ನಿಜ ಹೇಳುತ್ತಿದ್ದರು, ಜಾಬ್ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಎರಡು ಗಂಟೆ ಕಳೆದ ಮೇಲೆ ಒಬ್ಬರು ಹಿರಿಯರು ನಿಧಾನವಾಗಿ ಕೇಳಿದರು: "ಆ ಜಾಬಿನ ಜೆಸಿಎಲ್ ಯಾರಾದರೂ ಪೂರ್ತಿ ಓದಿದ್ದೀರಾ?"

ಓದಿದೆವು. ಜಾಬ್ ಏನೇನು ಓಡಿಸಬೇಕೆಂದು ಹೇಳುವ ಸೂಚನೆಗಳೇ ಜೆಸಿಎಲ್, ಅದರಲ್ಲಿ ಯಾವ ಕಡತ ಬಳಸಬೇಕೆಂದು ಹೇಳುವುದು ಡಿಡಿ ಸಾಲು. ಈ ಜಾಬಿನಲ್ಲಿ ಸಿಸ್‌ಟಿಸಿಪಿಡಿ ಎಂಬ ಡಿಡಿ ಸಾಲು ಒಂದಿತ್ತು. ಯಾರೋ ಯಾವುದೋ ಕಾಲದಲ್ಲಿ ಪರೀಕ್ಷೆಗೆಂದು ಮಾಡಿಕೊಂಡ ಒಂದು ಮೆಂಬರ್ (ಲೈಬ್ರರಿಯೊಳಗಿನ ಕಡತ) ಕಡೆಗೆ ಅದು ಬೊಟ್ಟು ಮಾಡುತ್ತಿತ್ತು. ಆ ಮೆಂಬರಿನಲ್ಲಿ ಬರೆದಿದ್ದ ನೇಮ್ ಸರ್ವರನ್ನು ಹಿಂದಿನ ದಿನವಷ್ಟೇ ಶಾಶ್ವತವಾಗಿ ಆರಿಸಿದ್ದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನಮ್ಮ ಕಥೆ.

ಅಂದಿನಿಂದ ನನ್ನ ಪ್ರಶ್ನೆಯೇ ಬದಲಾಯಿತು. ಮೇನ್‌ಫ್ರೇಮಿನಲ್ಲಿ ಹೆಸರು ಸಿಗುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಡಿಎನ್‌ಎಸ್ ಸರಿ ಇದೆಯಾ ಎಂದು ಮೊದಲು ಕೇಳುವುದಿಲ್ಲ. ಕೇಳಿದ್ದು ಯಾರು, ಕೇಳುವ ಮೊದಲು ಅವರು ಓದಿದ್ದು ಯಾವ ಕಡತ ಎಂದು ಕೇಳುತ್ತೇನೆ. ಇವತ್ತು ಹೇಳಬೇಕೆಂದಿರುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಡಿಎನ್‌ಎಸ್ ಬರುವ ಮೊದಲು ಇಂಟರ್‌ನೆಟ್ಟಿನ ಎಲ್ಲ ಯಂತ್ರಗಳ ಹೆಸರೂ ಒಂದೇ ಒಂದು ಪಟ್ಟಿಯಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿದ್ದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಆ ಪಟ್ಟಿಯನ್ನು ಕಾಯುತ್ತಿತ್ತು. ಹೊಸ ಯಂತ್ರ ಬಂದರೆ ಅವರಿಗೆ ತಿಳಿಸಬೇಕು, ಅವರು ಪಟ್ಟಿಗೆ ಸೇರಿಸಬೇಕು, ಉಳಿದವರೆಲ್ಲ ಅದನ್ನು ಇಳಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಿದಂತೆ ಇದು ನಡೆಯದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್‌ನ ರೂಪುರೇಷೆಯನ್ನು ಮುಂದಿಟ್ಟರು. ಇಂದಿಗೂ ಆಧಾರವಾಗಿರುವ ಆರ್‌ಎಫ್‌ಸಿ (ಇಂಟರ್‌ನೆಟ್ಟಿನ ನಿಯಮ ಬರೆದಿಡುವ ದಾಖಲೆ) 1034 ಮತ್ತು 1035 ಬಂದದ್ದು 1987ರಲ್ಲಿ.

ಈ ಚರಿತ್ರೆ ನಮಗೆ ಯಾಕೆ ಬೇಕೆಂದರೆ, ಆ ಹಳೆಯ ಪಟ್ಟಿ ಮೇನ್‌ಫ್ರೇಮಿನಲ್ಲಿ ಇನ್ನೂ ಉಸಿರಾಡುತ್ತಿದೆ. ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಂ ಆದ ಝಡ್‌ಓಎಸ್‌ನಲ್ಲಿ ಹೋಸ್ಟ್ಸ್.ಲೋಕಲ್ ಎಂಬ ಡೇಟಾಸೆಟ್, ಅಂದರೆ ಕಡತ, ಇಟ್ಟುಕೊಳ್ಳಬಹುದು. ಹೋಸ್ಟ್ ಎಂಬ ಪದ, ಆಮೇಲೆ ಕೋಲನ್, ವಿಳಾಸ, ಮತ್ತೆ ಕೋಲನ್, ಹೆಸರು: ಅದರ ಸಾಲುಗಳು ಹೀಗಿರುತ್ತವೆ. 1985ರ ಆರ್‌ಎಫ್‌ಸಿ 952 ವಿವರಿಸಿದ ಅದೇ ವಿನ್ಯಾಸ. ಅದಕ್ಕೆ ಮೇಕ್‌ಸೈಟ್ ಎಂಬ ಕಮಾಂಡ್ ಓಡಿಸಿದರೆ ಹೋಸ್ಟ್ಸ್.ಸೈಟ್‌ಇನ್ಫೋ, ಹೋಸ್ಟ್ಸ್.ಆಡ್ರ್‌ಇನ್ಫೋ ಎಂಬ ಎರಡು ಡೇಟಾಸೆಟ್‌ಗಳು ಹುಟ್ಟುತ್ತವೆ. ಪ್ರೋಗ್ರಾಂಗಳು ಓದುವುದು ಇವನ್ನು. ಹೋಸ್ಟ್ಸ್.ಲೋಕಲ್ ತಿದ್ದಿ ಮೇಕ್‌ಸೈಟ್ ಓಡಿಸುವುದನ್ನು ಮರೆತರೆ ತಿದ್ದಿದ್ದು ಯಾರಿಗೂ ಕಾಣುವುದಿಲ್ಲ. ಹೊಸಬರು ಈ ಜಾಗದಲ್ಲಿ ದಾರಿ ತಪ್ಪುವುದನ್ನು ಬಹಳ ಸಲ ನೋಡಿದ್ದೇನೆ.

ಮೇನ್‌ಫ್ರೇಮಿನ ಗುಣವೇ ಅದು. ಹಳೆಯದನ್ನು ಕಿತ್ತೆಸೆಯದೆ ಅದರ ಪಕ್ಕದಲ್ಲೇ ಹೊಸದನ್ನು ಕಟ್ಟುತ್ತಾರೆ. ದಶಕಗಳ ಹಿಂದೆ ಬರೆದ ಪ್ರೋಗ್ರಾಂ ಇವತ್ತಿಗೂ ಓಡುತ್ತದೆ ಎಂಬ ನಂಬಿಕೆಯ ಮೇಲೆ ಬ್ಯಾಂಕುಗಳು, ವಿಮಾನ ಸಂಸ್ಥೆಗಳು ನಿಂತಿವೆ. ಆ ನಂಬಿಕೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ಒಂದು ಹೆಸರನ್ನು ಹುಡುಕಲು ಒಂದೇ ಯಂತ್ರದಲ್ಲಿ ಹಲವು ದಾರಿಗಳು ಉಳಿದುಕೊಳ್ಳುತ್ತವೆ.

ಈಗ ಒಳಗೆ ಹೋಗೋಣ. ಝಡ್‌ಓಎಸ್‌ನಲ್ಲಿ ಹೆಸರು ಹುಡುಕುವ ಕೆಲಸ ರಿಸಾಲ್ವರ್ ಎಂಬ ಪ್ರತ್ಯೇಕ ಅಡ್ರೆಸ್ ಸ್ಪೇಸ್‌ನದು, ಅಂದರೆ ತನ್ನದೇ ಮೆಮೊರಿಯಲ್ಲಿ ಓಡುವ ಪ್ರೋಗ್ರಾಂನದು. ಸಿಸ್ಟಂ ಏಳುವಾಗ ಯುನಿಕ್ಸ್ ಸೇವೆಗಳ ಜೊತೆಯಲ್ಲೇ ಅದೂ ಏಳುತ್ತದೆ. ಯಾವ ಪ್ರೊಸೀಜರಿನಿಂದ ಏಳಬೇಕು ಎಂಬುದನ್ನು ಬಿಪಿಎಕ್ಸ್‌ಪಿಆರ್‌ಎಂ ಮೆಂಬರಿನಲ್ಲಿ ಬರೆದಿರುತ್ತೇವೆ. ಅದು ಏಳದೆ ನೆಟ್‌ವರ್ಕ್ ಕೆಲಸ ನೋಡುವ ಟಿಸಿಪಿಐಪಿ ಸ್ಟ್ಯಾಕ್ ಪೂರ್ತಿ ಸಿದ್ಧವಾಗುವುದಿಲ್ಲ. ರಿಸಾಲ್ವರ್‌ಗೆ ತನ್ನದೇ ಸೆಟಪ್ ಕಡತ ಇರುತ್ತದೆ. ಎಲ್ಲರಿಗೂ ಅನ್ವಯಿಸುವ ಗ್ಲೋಬಲ್ ಕಡತ ಯಾವುದು, ಬೇರೇನೂ ಸಿಗದಿದ್ದಾಗ ಬಳಸುವ ಡಿಫಾಲ್ಟ್ ಕಡತ ಯಾವುದು, ಕ್ಯಾಶೆ (ಸಿಕ್ಕ ಉತ್ತರಗಳನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಜಾಗ) ಬೇಕೋ ಬೇಡವೋ ಎಂಬುದೆಲ್ಲ ಅಲ್ಲಿರುತ್ತದೆ.

ಆದರೆ ನೇಮ್ ಸರ್ವರ್ ಯಾವುದು, ಹೆಸರಿನ ಹಿಂದೆ ಯಾವ ಡೊಮೇನ್ ಅಂಟಿಸಬೇಕು, ಎಷ್ಟು ಸೆಕೆಂಡ್ ಕಾಯಬೇಕು ಎಂಬ ನಿಜವಾದ ಸೂಚನೆಗಳಿರುವುದು ಟಿಸಿಪಿಐಪಿ.ಡೇಟಾ ಎಂದು ಕರೆಯುವ ಕಡತದಲ್ಲಿ. ಈ ಹೆಸರೇ ಮೋಸ ಮಾಡುತ್ತದೆ, ಜೋಪಾನ. ಅದು ಒಂದು ಕಡತದ ಹೆಸರಲ್ಲ, ಒಂದು ಪಾತ್ರದ ಹೆಸರು. ಆ ಪಾತ್ರವನ್ನು ಯಾವ ಕಡತ ವಹಿಸುತ್ತದೆ ಎನ್ನುವುದು ಕೇಳಿದವರ ಮೇಲೆ ನಿಂತಿದೆ.

ಕೇಳುವವರಲ್ಲಿ ಎರಡು ಬಣ. ಯುನಿಕ್ಸ್ ಬಣದ ಪ್ರೋಗ್ರಾಂ ಕೇಳಿದರೆ ರಿಸಾಲ್ವರ್ ಮೊದಲು ಗ್ಲೋಬಲ್ ಕಡತ ನೋಡುತ್ತದೆ. ಅದಿಲ್ಲದಿದ್ದರೆ ರಿಸಾಲ್ವರ್_ಕಾನ್ಫಿಗ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್, ಆಮೇಲೆ ಇಟಿಸಿ ಡೈರೆಕ್ಟರಿಯ ರಿಸಾಲ್ವ್.ಕಾನ್ಫ್. ಅದೂ ಇಲ್ಲವಾದರೆ ಸಿಸ್‌ಟಿಸಿಪಿಡಿ ಡಿಡಿ, ಬಳಕೆದಾರರ ಐಡಿ ಅಥವಾ ಜಾಬ್ ಹೆಸರಿನಿಂದ ಶುರುವಾಗುವ ಟಿಸಿಪಿಐಪಿ.ಡೇಟಾ ಡೇಟಾಸೆಟ್, ಸಿಸ್1.ಟಿಸಿಪಿಪಾರ್ಮ್ಸ್‌ನ ಟಿಸಿಪಿಡೇಟಾ ಮೆಂಬರ್, ಡಿಫಾಲ್ಟ್ ಕಡತ, ಎಲ್ಲಕ್ಕೂ ಕೊನೆಗೆ ಟಿಸಿಪಿಐಪಿ.ಟಿಸಿಪಿಐಪಿ.ಡೇಟಾ. ನೇಟಿವ್ ಎಂವಿಎಸ್ ಬಣದ, ಅಂದರೆ ಮೇನ್‌ಫ್ರೇಮಿನ ಹಳೆಯ ಮೂಲ ಬಗೆಯ, ಪ್ರೋಗ್ರಾಂ ಕೇಳಿದರೆ ಇದೇ ಸಾಲಿನಿಂದ ಎರಡು ಮೆಟ್ಟಿಲು ಕಳಚಿಹೋಗುತ್ತವೆ: ಎನ್ವಿರಾನ್‌ಮೆಂಟ್ ವೇರಿಯಬಲ್ಲೂ ಇಲ್ಲ, ರಿಸಾಲ್ವ್.ಕಾನ್ಫ್ ಕೂಡ ಇಲ್ಲ. ಗ್ಲೋಬಲ್ ಕಡತ ಇಲ್ಲದಿದ್ದರೆ ನೇರವಾಗಿ ಸಿಸ್‌ಟಿಸಿಪಿಡಿಗೇ ಹೋಗುತ್ತದೆ.

ಇದನ್ನು ಊರಿನ ಮಾತಿನಲ್ಲಿ ಹೇಳುವುದಾದರೆ, ಒಂದು ಮನೆಯ ಇಬ್ಬರು ಅದೇ ನೆಂಟರ ಊರಿಗೆ ಹೊರಟಿದ್ದಾರೆ ಅಂದುಕೊಳ್ಳಿ. ಒಬ್ಬರು ಗೋಡೆಯ ಮೇಲೆ ಮೊನ್ನೆ ಬರೆದಿಟ್ಟ ವಿಳಾಸ ನೋಡಿಕೊಂಡು ಹೋದರು. ಇನ್ನೊಬ್ಬರು ಅಜ್ಜನ ಡೈರಿ ತೆಗೆದು ನೋಡಿಕೊಂಡು ಹೋದರು. ನೆಂಟರು ಮನೆ ಬದಲಾಯಿಸಿದ್ದರೆ ತಲುಪುವವರು ಒಬ್ಬರೇ. ಹಾಗಂತ ವಿಳಾಸ ಕಳೆದುಹೋಗಿದೆ ಎಂದು ಹೇಳಲಾಗದು.

ಯಾರು ಯಾವ ಬಣ ಎಂದು ತೀರ್ಮಾನಿಸುವುದು ಹೇಗೆ? ಇಲ್ಲಿ ಬಹಳ ಜನ ಎಡವುತ್ತಾರೆ. ಪ್ರೋಗ್ರಾಂ ಎಲ್ಲಿಂದ ಓಡಿಸಿದಿರಿ ಎನ್ನುವುದು ಮುಖ್ಯವಲ್ಲ, ಅದು ಯಾವ ಸಾಕೆಟ್ ಎಪಿಐ (ನೆಟ್‌ವರ್ಕ್ ಬಳಸಲು ಪ್ರೋಗ್ರಾಂಗಳಿಗೆ ಇರುವ ಸಿದ್ಧ ಕೋಡ್) ಕರೆಯುತ್ತದೆ ಎನ್ನುವುದು ಮುಖ್ಯ. ಇಝಡ್‌ಎಸಾಕೆಟ್ ಕರೆಯುವ ಕೋಬಾಲ್, ಇಝಡ್‌ಎಎಸ್‌ಎಂಐ ಮ್ಯಾಕ್ರೋ ಬಳಸುವ ಅಸೆಂಬ್ಲರ್, ಸಿಕ್ಸ್ (ಸಿಐಸಿಎಸ್, ವ್ಯವಹಾರಗಳನ್ನು ಆಗಿಂದಾಗಲೇ ನಡೆಸುವ ಮೇನ್‌ಫ್ರೇಮ್ ತಂತ್ರಾಂಶ) ಸಾಕೆಟ್ಸ್, ಇವೆಲ್ಲ ನೇಟಿವ್ ಎಂವಿಎಸ್ ಬಣ. ಕಡತ ಸಾಗಿಸುವ ಎಫ್‌ಟಿಪಿ ಕ್ಲೈಂಟ್ ಮಾತ್ರ ಜೆಸಿಎಲ್‌ನಲ್ಲಿ ಓಡಿದರೂ, ಟಿಎಸ್‌ಓದಲ್ಲಿ ಓಡಿದರೂ ಯುನಿಕ್ಸ್ ಬಣವೇ. ಹಾಗಾಗಿ ಒಂದೇ ಜಾಬಿನ ಮೊದಲ ಸ್ಟೆಪ್ ಎಫ್‌ಟಿಪಿ, ಎರಡನೆಯದು ಕೋಬಾಲ್ ಆಗಿದ್ದರೆ ಎರಡೂ ಬೇರೆ ಬೇರೆ ಕಡತ ಓದಿ, ಒಂದೇ ಹೆಸರಿಗೆ ಬೇರೆ ಬೇರೆ ಉತ್ತರ ತರಬಹುದು.

ಅಂದು ಬೆಳಿಗ್ಗೆ ನಾನು ಶೆಲ್‌ನಿಂದ ಕೊಟ್ಟ ಪಿಂಗ್ ರಿಸಾಲ್ವ್.ಕಾನ್ಫ್ ಓದಿತ್ತು. ಟಿಎಸ್‌ಓದ ಪಿಂಗ್ ಟಿಸಿಪಿಡೇಟಾ ಮೆಂಬರ್ ಓದಿತ್ತು. ಜಾಬ್ ಮಾತ್ರ ತನ್ನ ಸಿಸ್‌ಟಿಸಿಪಿಡಿ ಓದಿತ್ತು. ನಾನು ಮಾಡಿದ ಮೂರು ಪರೀಕ್ಷೆಗಳಲ್ಲಿ ಒಂದೂ ಆ ಜಾಬಿನ ದಾರಿಯಲ್ಲಿ ನಡೆದಿರಲಿಲ್ಲ.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ಎನ್‌ಎಸ್‌ಲುಕಪ್ ಸರಿಯಾದ ಉತ್ತರ ಕೊಟ್ಟಿತಲ್ಲ, ಅದಾದ ಮೇಲೂ ಹೆಸರು ಸಿಗದೇ ಇರೋದು ಹೇಗೆ ಸಾಧ್ಯ?" ಒಳ್ಳೆಯ ಪ್ರಶ್ನೆ, ಲ್ಯಾಪ್‌ಟಾಪ್‌ನಲ್ಲೂ ಉಪಯೋಗಕ್ಕೆ ಬರುವ ಪ್ರಶ್ನೆ. ಎನ್‌ಎಸ್‌ಲುಕಪ್ ಮತ್ತು ಅದರಂಥದ್ದೇ ಆದ ಡಿಗ್ ಕಮಾಂಡ್ ನೇಮ್ ಸರ್ವರನ್ನು ನೇರವಾಗಿ ಮಾತಾಡಿಸುತ್ತವೆ. ರಿಸಾಲ್ವರ್‌ನ ಕ್ಯಾಶೆಯಲ್ಲಿ ಏನಿದೆ ಎಂದು ಅವು ನೋಡುವುದಿಲ್ಲ, ಲೋಕಲ್ ಪಟ್ಟಿಗಳನ್ನೂ ತೆರೆಯುವುದಿಲ್ಲ. ನೇಮ್ ಸರ್ವರ್‌ಗೆ ಉತ್ತರ ಗೊತ್ತಿದೆ ಎಂದಷ್ಟೇ ಅವು ಹೇಳಬಲ್ಲವು. ಪ್ರೋಗ್ರಾಂಗೆ ಆ ಉತ್ತರ ತಲುಪುತ್ತದೆ ಎಂದು ಹೇಳಲಾರವು. ಪಿಂಗ್ ರಿಸಾಲ್ವರ್ ಮೂಲಕವೇ ಹೋಗುತ್ತದೆ, ಆದ್ದರಿಂದ ಹೆಸರಿನ ಪರೀಕ್ಷೆಗೆ ಪಿಂಗ್ ಹೆಚ್ಚು ಪ್ರಾಮಾಣಿಕ ಸಾಕ್ಷಿ. ಎದುರಿನ ಯಂತ್ರ ಪಿಂಗ್‌ಗೆ ಉತ್ತರಿಸದಿದ್ದರೂ ಪರವಾಗಿಲ್ಲ. ಹೆಸರಿನ ಪಕ್ಕದಲ್ಲಿ ಯಾವ ವಿಳಾಸ ಮೂಡಿತು ಎಂಬುದಷ್ಟೇ ನಮಗೆ ಬೇಕು.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ರಿಸಾಲ್ವರ್ ಟ್ರೇಸ್, ಅಂದರೆ ರಿಸಾಲ್ವರ್ ಹೆಜ್ಜೆಹೆಜ್ಜೆಗೆ ಏನು ಮಾಡಿತು ಎಂಬ ದಾಖಲೆ. ಇದೊಂದನ್ನು ಕಲಿತುಕೊಂಡು ಹೋದರೆ ಇವತ್ತು ಬಂದದ್ದು ಸಾರ್ಥಕ. ಶೆಲ್‌ನಲ್ಲಾದರೆ ರಿಸಾಲ್ವರ್_ಟ್ರೇಸ್ ಎಂಬ ವೇರಿಯಬಲ್‌ಗೆ ಎಸ್‌ಟಿಡಿಔಟ್ ಎಂದು ಕೊಟ್ಟು ಪ್ರೋಗ್ರಾಂ ಓಡಿಸಿ. ಬ್ಯಾಚ್ ಜಾಬ್ ಆದರೆ ಸಿಸ್‌ಟಿಸಿಪಿಟಿ ಎಂಬ ಡಿಡಿ ಸಾಲನ್ನು ಸಿಸ್‌ಔಟ್ ನಕ್ಷತ್ರಕ್ಕೆ, ಅಂದರೆ ಜಾಬಿನ ಔಟ್‌ಪುಟ್‌ಗೆ, ಕೊಟ್ಟು ಜೆಸಿಎಲ್‌ಗೆ ಸೇರಿಸಿ. ಕೊನೆಯ ಅಕ್ಷರ ನೋಡಿಕೊಳ್ಳಿ: ಡಿ ಅಂದರೆ ಡೇಟಾ, ಟಿ ಅಂದರೆ ಟ್ರೇಸ್. ಪ್ರೋಗ್ರಾಂ ಬದಲಾಯಿಸುವುದು ಬೇಡ, ಸಿಸ್ಟಂ ನಿಲ್ಲಿಸುವುದು ಬೇಡ, ಆ ಒಂದು ಜಾಬಿಗಷ್ಟೇ ಟ್ರೇಸ್ ಬರುತ್ತದೆ.

ಟ್ರೇಸ್‌ನ ತಲೆಭಾಗವನ್ನು ಆತುರವಿಲ್ಲದೆ ಓದಿ. ಗ್ಲೋಬಲ್ ಕಡತ ಯಾವುದು, ಡಿಫಾಲ್ಟ್ ಯಾವುದು, ಈ ಕೇಳುಗನಿಗೆ ಸಿಕ್ಕ ಲೋಕಲ್ ಕಡತ ಯಾವುದು, ಕೇಳಿದ ಬಳಕೆದಾರ ಅಥವಾ ಜಾಬ್ ಯಾರು, ಕರೆದ ಎಪಿಐ ಯಾವುದು, ಎಲ್ಲವೂ ಒಂದರ ಕೆಳಗೆ ಒಂದು ಇರುತ್ತವೆ. ಅದರ ಕೆಳಗೆ ಒಂದೊಂದು ಸೂಚನೆಯ ಎದುರಿಗೂ ಆವರಣದೊಳಗೆ ಒಂದು ಗುರುತು. ಜಿ ಅಂದರೆ ಆ ಮೌಲ್ಯ ಗ್ಲೋಬಲ್ ಕಡತದಿಂದ ಬಂತು, ಎಲ್ ಅಂದರೆ ಲೋಕಲ್ ಕಡತದಿಂದ, ಡಿ ಅಂದರೆ ಡಿಫಾಲ್ಟ್ ಕಡತದಿಂದ. ನಕ್ಷತ್ರ ಇದ್ದರೆ ಯಾವ ಕಡತದಲ್ಲೂ ಆ ಸೂಚನೆ ಇರಲಿಲ್ಲ, ರಿಸಾಲ್ವರ್ ತನ್ನ ಪೂರ್ವನಿಗದಿ ಮೌಲ್ಯವನ್ನೇ ಹಿಡಿಯಿತು ಎಂದರ್ಥ. ನೇಮ್ ಸರ್ವರ್ ಸಾಲಿನ ಗುರುತು ನೋಡಿದರೆ ಅರ್ಧ ತೊಂದರೆಗಳು ಅಲ್ಲೇ ಬಿಚ್ಚಿಕೊಳ್ಳುತ್ತವೆ. ಅಂದು ಬೆಳಿಗ್ಗೆ ಆ ಡಿಡಿ ಸಾಲನ್ನು ಸೇರಿಸಿ ಒಂದು ಸಲ ಓಡಿಸಿದ್ದರೆ ಎರಡು ಗಂಟೆಯ ಕಾಲ್ ಬೇಕಿರಲಿಲ್ಲ.

ಟ್ರೇಸ್ ನನಗೆ ತೋರಿಸಿಕೊಟ್ಟ ಇನ್ನೊಂದು ಪ್ರಕರಣ ಹೇಳುತ್ತೇನೆ. ಒಂದು ಸೈಟಿನಲ್ಲಿ ಒಬ್ಬರೇ ಒಬ್ಬ ಬಳಕೆದಾರರಿಗೆ ಹಳೆಯ ವಿಳಾಸ ಬರುತ್ತಿತ್ತು, ಉಳಿದವರಿಗೆ ಹೊಸದು. ಟ್ರೇಸ್ ತೆಗೆದಾಗ ಅವರ ಲೋಕಲ್ ಕಡತದ ಜಾಗದಲ್ಲಿ ರಿಸಾಲ್ವ್.ಕಾನ್ಫ್ ಇರಲೇ ಇಲ್ಲ, ಟಿಸಿಪಿಡೇಟಾ ಮೆಂಬರ್ ಇತ್ತು. ಯಾರೋ ರಿಸಾಲ್ವ್.ಕಾನ್ಫ್ ತಿದ್ದಿ ಉಳಿಸಿದಾಗ ಅದರ ಪರ್ಮಿಷನ್ 640 ಆಗಿಬಿಟ್ಟಿತ್ತು. ಗ್ರೂಪಿನಲ್ಲಿದ್ದವರು ಓದಬಲ್ಲರು, ಇವರು ಆ ಗ್ರೂಪಿನಲ್ಲಿರಲಿಲ್ಲ. ಕಡತ ತೆರೆಯಲಾಗಲಿಲ್ಲ ಎಂದು ರಿಸಾಲ್ವರ್ ಗಲಾಟೆ ಮಾಡುವುದಿಲ್ಲ. ಸದ್ದಿಲ್ಲದೆ ಮುಂದಿನ ಮೆಟ್ಟಿಲಿಗೆ ಇಳಿಯುತ್ತದೆ. ಲೋಕಲ್ ಕಡತಗಳನ್ನು ಕೇಳಿದವರ ಹಕ್ಕಿನಲ್ಲೇ ತೆರೆಯುವುದರಿಂದ ಸೂಪರ್‌ಯೂಸರ್ ಆಗಿ ನಾನು ಎಷ್ಟು ಪರೀಕ್ಷಿಸಿದ್ದರೂ ಆ ತೊಂದರೆ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಎಲ್ಲರೂ ಓದಬಹುದಾದ 644 ಮಾಡಿದೆವು, ಸರಿಹೋಯಿತು.

ಲ್ಯಾಪ್‌ಟಾಪ್‌ನಿಂದ ಕಡತ ಸಾಗಿಸುವವರಿಗೆ ಒಂದು ಕಿವಿಮಾತು. ಮೇನ್‌ಫ್ರೇಮ್ ಅಕ್ಷರಗಳನ್ನು ಬರೆಯುವುದು ಎಬ್‌ಸಿಡಿಕ್‌ನಲ್ಲಿ, ನಿಮ್ಮ ಲ್ಯಾಪ್‌ಟಾಪ್ ಬರೆಯುವುದು ಆಸ್ಕಿಯಲ್ಲಿ. ಬೈನರಿ ವಿಧಾನದಲ್ಲಿ ಕಳಿಸಿದ ರಿಸಾಲ್ವ್.ಕಾನ್ಫ್ ಜಾಗದಲ್ಲಿ ಕೂತಿರುತ್ತದೆ, ಗಾತ್ರವೂ ಸರಿಯಾಗಿರುತ್ತದೆ, ಓದಿದರೆ ಮಾತ್ರ ಅರ್ಥವಿಲ್ಲದ ಬೈಟ್‌ಗಳು. ಕಳಿಸಿದ ಮೇಲೆ ಶೆಲ್‌ನಲ್ಲಿ ಒಮ್ಮೆ ತೆರೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಇಷ್ಟು ಹೊತ್ತು ಹೇಳಿದ್ದು ಹೆಸರು ಸಿಗದಿರುವುದರ ಬಗ್ಗೆ, ತಪ್ಪು ಸಿಗುವುದರ ಬಗ್ಗೆ. ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಬರುವ ದೂರು ಬೇರೆ: ಹೆಸರು ಸಿಗುತ್ತದೆ, ಆದರೆ ತಡವಾಗಿ.

ಸಿಕ್ಸ್ ಟ್ರಾನ್ಸಾಕ್ಷನ್‌ಗಳು ನಿಧಾನವಾಗಿವೆ ಎಂದು ಒಂದು ಮಧ್ಯಾಹ್ನ ದೂರು ಬಂತು. ಎಲ್ಲರೂ ಸಿಪಿಯು ನೋಡಿದರು, ಡಿಬಿ2 ಡೇಟಾಬೇಸ್ ನೋಡಿದರು. ನಿಧಾನವಾದವುಗಳ ಸಮಯವನ್ನಷ್ಟೇ ಸಾಲಾಗಿ ಬರೆದು ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಎಲ್ಲವೂ 5 ಸೆಕೆಂಡಿಗಿಂತ ಚೂರೇ ಚೂರು ಹೆಚ್ಚು. ಕೆಲವು 10ಕ್ಕಿಂತ ಚೂರು ಹೆಚ್ಚು. 3 ಸೆಕೆಂಡ್ ಇಲ್ಲ, 7 ಸೆಕೆಂಡ್ ಇಲ್ಲ. ಹೊರೆ ಹೆಚ್ಚಾಗಿ ಆಗುವ ತಡ ಅಲೆಯ ಹಾಗೆ ಏರಿಳಿಯುತ್ತದೆ. ಟೈಮ್‌ಔಟ್‌ನಿಂದ ಆಗುವ ತಡ ಗಡಿಯಾರ ಹಿಡಿದ ಹಾಗೆ ಇರುತ್ತದೆ. ರಿಸಾಲ್ವರ್‌ಟೈಮ್‌ಔಟ್ ಸೂಚನೆಯ ಪೂರ್ವನಿಗದಿ ಮೌಲ್ಯ 5 ಸೆಕೆಂಡ್. ಪಟ್ಟಿಯಲ್ಲಿ ಮೊದಲಿದ್ದ ನೇಮ್ ಸರ್ವರ್ ಸತ್ತುಹೋಗಿತ್ತು. ಪ್ರತಿ ಪ್ರಶ್ನೆಯೂ ಮೊದಲು ಅದರ ಬಾಗಿಲು ತಟ್ಟಿ, 5 ಸೆಕೆಂಡ್ ಕಾದು, ಆಮೇಲೆ ಎರಡನೆಯ ಸರ್ವರ್‌ಗೆ ಹೋಗುತ್ತಿತ್ತು. ಎರಡನೆಯದು ಕ್ಷಣದಲ್ಲಿ ಉತ್ತರ ಕೊಡುತ್ತಿತ್ತು. ಎರಡು ಸರ್ವರ್ ಹಾಕಿದ್ದೇವಲ್ಲ, ಒಂದು ಸತ್ತರೂ ತೊಂದರೆಯಿಲ್ಲ ಎಂದುಕೊಂಡಿದ್ದೆವು. ಸೇವೆ ನಿಲ್ಲಲಿಲ್ಲ ಎಂಬುದು ನಿಜ, ಆದರೆ ಅದರ ವೇಗ ಹೊರಟುಹೋಗಿತ್ತು.

ಇದರ ಜೊತೆಗೆ ಡೊಮೇನ್ ಪಟ್ಟಿಯೂ ಸೇರಿದರೆ ಕಾಯುವ ಹೊತ್ತು ಬೆಳೆಯುತ್ತದೆ. ಪ್ರೋಗ್ರಾಂ ಚುಕ್ಕೆಯಿಲ್ಲದ ಚಿಕ್ಕ ಹೆಸರು ಕೊಟ್ಟಿತು ಅನ್ನಿ. ಸರ್ಚ್ ಸೂಚನೆಯಲ್ಲಿ ಮೂರು ಡೊಮೇನ್‌ಗಳಿದ್ದು, ನಮ್ಮ ಯಂತ್ರ ಮೂರನೆಯದರಲ್ಲಿದ್ದರೆ ಮೂರು ಪ್ರಶ್ನೆ. ಪ್ರತಿಯೊಂದೂ ಸತ್ತ ಸರ್ವರ್‌ನ ಬಾಗಿಲಲ್ಲಿ 5 ಸೆಕೆಂಡ್ ಕಾದರೆ 15 ಸೆಕೆಂಡ್. ಗೆಟ್‌ಆಡ್ರ್‌ಇನ್ಫೋ ಎಂಬ ಕರೆ ಬಳಸುವ ಪ್ರೋಗ್ರಾಂ ಹೊಸ ಬಗೆಯ ಐಪಿವಿ6 ವಿಳಾಸವನ್ನೂ ಕೇಳಿದರೆ ಅದು ದುಪ್ಪಟ್ಟು. ಕಡತದಲ್ಲಿ ಟೈಮ್‌ಔಟ್ 30 ಎಂದು ಬರೆದಿಟ್ಟಿದ್ದ ಸೈಟನ್ನೂ ನೋಡಿದ್ದೇನೆ. ಅಲ್ಲಿನ ಲೆಕ್ಕ ನೀವೇ ಮಾಡಿಕೊಳ್ಳಿ. ಸಂರಚನೆಯಲ್ಲಿ ಪೂರ್ಣ ಹೆಸರು ಬರೆಯಿರಿ ಎಂದು ನಾನು ಎಲ್ಲರ ಬೆನ್ನು ಹತ್ತುವುದು ಇದಕ್ಕೇ.

ಸತ್ತ ಸರ್ವರ್ ಬಗ್ಗೆ ರಿಸಾಲ್ವರ್ ಸುಮ್ಮನಿರುವುದಿಲ್ಲ ಎಂಬುದು ಸಮಾಧಾನದ ವಿಷಯ. ಒಂದು ನೇಮ್ ಸರ್ವರ್‌ಗೆ ಕಳಿಸಿದ ಪ್ರಶ್ನೆಗಳಲ್ಲಿ ಉತ್ತರ ಬಾರದವುಗಳ ಪ್ರಮಾಣ ಮಿತಿ ಮುಟ್ಟಿದರೆ ಅದು ಕನ್ಸೋಲ್‌ಗೆ ಇಝಡ್‌ಝಡ್9308ಇ ಎಂಬ ಸಂದೇಶ ಹಾಕುತ್ತದೆ. ಪೂರ್ವನಿಗದಿ ಮಿತಿ 25 ಶೇಕಡಾ. ಅಂದು ಆ ಸಂದೇಶ ಬಂದಿತ್ತು, ಸಾವಿರಾರು ಸಾಲುಗಳ ನಡುವೆ ಯಾರ ಗಮನಕ್ಕೂ ಬಿದ್ದಿರಲಿಲ್ಲ. ಆಟೊಮೇಷನ್‌ನಲ್ಲಿ ಈ ಒಂದು ಸಂದೇಶಕ್ಕೆ ಎಚ್ಚರಿಕೆ ಕಟ್ಟಿಡಿ. ಆಟೊಕ್ವೈಸ್ ಎಂಬ ಆಯ್ಕೆ ಕೊಟ್ಟರೆ ರಿಸಾಲ್ವರ್ ತಾನೇ ಆ ಸರ್ವರನ್ನು ಬದಿಗಿಟ್ಟು, ಅದು ಮತ್ತೆ ಎದ್ದಾಗ ಸೇರಿಸಿಕೊಳ್ಳುತ್ತದೆ. ಅದಕ್ಕೆ ಗ್ಲೋಬಲ್ ಕಡತ ಇರಲೇಬೇಕು.

ಮತ್ತೊಬ್ಬರು ಕೇಳಿದರು: "ಕ್ಯಾಶೆ ಇದ್ದರೆ ಈ ತಡ ಬರೋದಿಲ್ಲ ಅಲ್ವಾ ಸರ್?" ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಝಡ್‌ಓಎಸ್ 1.11ರಿಂದ ರಿಸಾಲ್ವರ್‌ಗೆ ಸಿಸ್ಟಂ ಮಟ್ಟದ ಕ್ಯಾಶೆ ಬಂದಿದೆ. ಪೂರ್ವನಿಗದಿ ಗಾತ್ರ 200 ಮೆಗಾಬೈಟ್. ಉತ್ತರದ ಜೊತೆ ಬಂದ ಟಿಟಿಎಲ್ (ಆ ಉತ್ತರದ ಆಯುಷ್ಯ) ಮುಗಿಯುವವರೆಗೆ ಅದನ್ನು ಇಟ್ಟುಕೊಳ್ಳುತ್ತದೆ. ಟಿಟಿಎಲ್ 300 ಸೆಕೆಂಡ್ ಆಗಿದ್ದರೆ ಐದು ನಿಮಿಷಕ್ಕೊಮ್ಮೆ ಒಬ್ಬ ನತದೃಷ್ಟ ಮಾತ್ರ 5 ಸೆಕೆಂಡ್ ಕಾಯುತ್ತಾನೆ, ಉಳಿದವರಿಗೆಲ್ಲ ಸರಾಗ. ಈಗ ತೊಂದರೆ ಹುಡುಕುವುದು ಇನ್ನೂ ಕಷ್ಟ. ಯಾವಾಗಲೋ ಒಮ್ಮೆ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಎಷ್ಟು ಹೊತ್ತಿಗೊಮ್ಮೆ ಎಂದು ಬಿಡದೆ ಕೇಳಿ.

ಕ್ಯಾಶೆಯ ಇನ್ನೊಂದು ಮುಖ, ಇಲ್ಲ ಎಂಬ ಉತ್ತರವೂ ಅಲ್ಲಿ ಉಳಿಯುತ್ತದೆ. ಹೆಸರನ್ನು ಡಿಎನ್‌ಎಸ್‌ಗೆ ಸೇರಿಸುವ ಮೊದಲೇ ಯಾರೋ ಆತುರಪಟ್ಟು ಪರೀಕ್ಷಿಸಿದರೆ ಆ ಇಲ್ಲವೇ ಕ್ಯಾಶೆಯಲ್ಲಿ ಕೂರುತ್ತದೆ. ಆಮೇಲೆ ಹೆಸರು ಸೇರಿಸಿದರೂ ಸ್ವಲ್ಪ ಹೊತ್ತು ಇಲ್ಲ ಎಂದೇ ಬರುತ್ತದೆ, ಎನ್‌ಎಸ್‌ಲುಕಪ್ ಮಾತ್ರ ಇದೆ ಎನ್ನುತ್ತದೆ. ನೆಟ್‌ಸ್ಟ್ಯಾಟ್‌ನ ರೆಸ್‌ಕ್ಯಾಶೆ ವರದಿಯಲ್ಲಿ ಒಳಗೇನಿದೆ ಎಂದು ನೋಡಬಹುದು. ಎಫ್ ರಿಸಾಲ್ವರ್,ಫ್ಲಶ್,ಆಲ್ ಎಂದು ಕನ್ಸೋಲಿನಿಂದ ಕೊಟ್ಟರೆ ಬರಿದಾಗುತ್ತದೆ. ಜಾವಾ ಪ್ರೋಗ್ರಾಂಗಳು ತಮ್ಮದೇ ಇನ್ನೊಂದು ಕ್ಯಾಶೆ ಇಟ್ಟುಕೊಂಡಿರುತ್ತವೆ, ಈ ಫ್ಲಶ್ ಅವುಗಳನ್ನು ತಲುಪುವುದಿಲ್ಲ.

ಲೋಕಲ್ ಪಟ್ಟಿಗಳಿಗೆ ಮತ್ತೆ ಬರಬೇಕು. ನನಗೆ ನಿಜವಾಗಿ ಭಯವಾಗುವುದು ಅಲ್ಲಿಯೇ. ಲುಕಪ್ ಸೂಚನೆಯ ಪೂರ್ವನಿಗದಿ ಕ್ರಮ ಮೊದಲು ಡಿಎನ್‌ಎಸ್, ಆಮೇಲೆ ಲೋಕಲ್. ಡಿಎನ್‌ಎಸ್ ಚೆನ್ನಾಗಿರುವವರೆಗೆ ಲೋಕಲ್ ಪಟ್ಟಿಯನ್ನು ಯಾರೂ ಮುಟ್ಟುವುದಿಲ್ಲ. ಅದರಲ್ಲಿ ಹಳೆಯ ವಿಳಾಸ ವರ್ಷಗಟ್ಟಲೆ ಮಲಗಿರುತ್ತದೆ. ಒಂದು ದಿನ ಡಿಎನ್‌ಎಸ್ ಐದು ನಿಮಿಷ ಕೈಕೊಡುತ್ತದೆ. ಆಗ ಪ್ರೋಗ್ರಾಂ ನಿಲ್ಲಬೇಕು, ನಿಂತರೆ ನಮಗೆ ಗೊತ್ತಾಗುತ್ತದೆ. ಆದರೆ ರಿಸಾಲ್ವರ್ ಆ ಹಳೆಯ ವಿಳಾಸವನ್ನು ತೆಗೆದು ಕೊಡುತ್ತದೆ, ಪ್ರೋಗ್ರಾಂ ಅಲ್ಲಿಗೇ ಹೋಗುತ್ತದೆ. ಆ ವಿಳಾಸದಲ್ಲಿ ಈಗ ಬೇರೆ ಯಂತ್ರವಿದ್ದರೆ ಏನಾಗಬಹುದು, ಯೋಚಿಸಿ. ತಪ್ಪು ಉತ್ತರಕ್ಕಿಂತ ಉತ್ತರವೇ ಬಾರದಿರುವುದು ಎಷ್ಟೋ ಮೇಲು.

ಲೋಕಲ್ ಪಟ್ಟಿಯೂ ಒಂದೇ ಅಲ್ಲ. ಗೆಟ್‌ಹೋಸ್ಟ್‌ಬೈನೇಮ್ ಕರೆಯುವ ಹಳೆಯ ಪ್ರೋಗ್ರಾಂಗಳು ಓದುವುದು ಇಟಿಸಿ ಹೋಸ್ಟ್ಸ್ ಅಥವಾ ಆಗಲೇ ಹೇಳಿದ ಸೈಟ್‌ಇನ್ಫೋ ಪಟ್ಟಿ. ಗೆಟ್‌ಆಡ್ರ್‌ಇನ್ಫೋ ಕರೆಯುವ ಹೊಸ ಪ್ರೋಗ್ರಾಂಗಳು ಓದುವುದು ಐಪಿನೋಡ್ಸ್ ಪಟ್ಟಿ. ಸೆಟಪ್ ಕಡತದಲ್ಲಿ ಕಾಮನ್‌ಸರ್ಚ್ ಎಂದು ಬರೆದರೆ ಇಬ್ಬರೂ ಐಪಿನೋಡ್ಸ್ ಕಡೆಗೇ ಬರುತ್ತಾರೆ. ಪೂರ್ವನಿಗದಿ ಹಾಗಿಲ್ಲ. ಕಾಮನ್‌ಸರ್ಚ್ ಹಾಕಿ, ಒಂದೇ ಪಟ್ಟಿ ಇಟ್ಟು, ಅದರಲ್ಲಿ ಲೂಪ್‌ಬ್ಯಾಕ್ (ಯಂತ್ರ ತನ್ನನ್ನೇ ಕರೆಯುವ ವಿಳಾಸ) ಮತ್ತು ಸ್ವಂತ ಯಂತ್ರದ ಹೆಸರು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿ ಎಂಬುದು ನನ್ನ ಅಭಿಪ್ರಾಯ. ಒಪ್ಪದ ಹಿರಿಯರೂ ಇದ್ದಾರೆ. ಡಿಎನ್‌ಎಸ್ ಇಲ್ಲದಾಗಲೂ ಬ್ಯಾಚ್ ಓಡಬೇಕು ಎಂಬ ಅವರ ವಾದದಲ್ಲಿ ಹುರುಳಿದೆ. ಹಾಗಿದ್ದರೆ ಆ ಪಟ್ಟಿಯನ್ನು ಪ್ರತಿ ವಾರ ಡಿಎನ್‌ಎಸ್ ಜೊತೆ ತಾಳೆ ನೋಡುವ ಒಂದು ಜಾಬ್ ಬರೆದಿಡಿ ಎನ್ನುತ್ತೇನೆ.

ಕೊನೆಗೆ, ಗ್ಲೋಬಲ್ ಕಡತ. ಇಷ್ಟೆಲ್ಲ ದಾರಿಗಳಿಂದ ತೊಂದರೆಯಾಗುತ್ತದೆ ಎಂದ ಮೇಲೆ ಎಲ್ಲರನ್ನೂ ಒಂದೇ ದಾರಿಗೆ ತರಬಹುದಲ್ಲ ಎಂದು ನೀವು ಕೇಳುತ್ತೀರಿ. ತರಬಹುದು. ಸೆಟಪ್‌ನಲ್ಲಿ ಗ್ಲೋಬಲ್‌ಟಿಸಿಪಿಐಪಿಡೇಟಾ ಸೂಚನೆ ಕೊಟ್ಟ ಕ್ಷಣದಿಂದ ನೇಮ್ ಸರ್ವರ್, ಸರ್ಚ್, ಟೈಮ್‌ಔಟ್ ಮುಂತಾದ ರಿಸಾಲ್ವರ್ ಸೂಚನೆಗಳು ಎಲ್ಲರಿಗೂ ಆ ಕಡತದಿಂದಲೇ ಬರುತ್ತವೆ. ಅದರಲ್ಲಿ ಬರೆಯದೆ ಬಿಟ್ಟದ್ದಕ್ಕೆ ಪೂರ್ವನಿಗದಿ ಮೌಲ್ಯ ಸಿಗುತ್ತದೆಯೇ ಹೊರತು ಲೋಕಲ್ ಕಡತದ ಮೌಲ್ಯವಲ್ಲ. ಆಮೇಲೆ ಕಡತ ತಿದ್ದಿದಾಗಲೆಲ್ಲ ಎಫ್ ರಿಸಾಲ್ವರ್,ರಿಫ್ರೆಶ್ ಕೊಡಬೇಕು. ಎಫ್ ರಿಸಾಲ್ವರ್,ಡಿಸ್‌ಪ್ಲೇ ಕೊಟ್ಟು ಯಾವ ಕಡತಗಳು ಜಾರಿಯಲ್ಲಿವೆ ಎಂದು ಇಝಡ್‌ಝಡ್9298ಐ ಸಾಲುಗಳಲ್ಲಿ ನೋಡಿಕೊಳ್ಳಬೇಕು.

ಆ ಸೋಮವಾರದ ನಂತರ ನಾವು ಅದನ್ನೇ ಮಾಡಲು ಹೊರಟೆವು. ಮೊದಲು ಐಎಸ್‌ಪಿಎಫ್ ಎಂಬ ಮೆನುವಿನ 3.14ನೇ ಹುಡುಕಾಟದ ಆಯ್ಕೆಯಲ್ಲಿ ಜೆಸಿಎಲ್ ಮತ್ತು ಪ್ರೊಸೀಜರ್ ಲೈಬ್ರರಿಗಳನ್ನೆಲ್ಲ ಸಿಸ್‌ಟಿಸಿಪಿಡಿ ಪದಕ್ಕಾಗಿ ಜಾಲಾಡಿದೆವು. ಹೆಚ್ಚಿನವು ಆ ಜಾಬಿನ ಹಾಗೆಯೇ ಯಾರೋ ಬಿಟ್ಟುಹೋದ ಸಾಲುಗಳು. ಒಂದು ಮಾತ್ರ ಬೇಕೆಂದೇ ಇಟ್ಟದ್ದು. ಅದೇ ಝಡ್‌ಓಎಸ್ ಇಮೇಜಿನಲ್ಲಿ ಓಡುತ್ತಿದ್ದ ಒಂದು ಟೆಸ್ಟ್ ಸಿಕ್ಸ್ ರೀಜನ್ (ಪರೀಕ್ಷೆಗೆ ಇಟ್ಟ ಸಿಕ್ಸ್‌ನ ಒಂದು ಪ್ರತಿ) ತನ್ನ ಸಿಸ್‌ಟಿಸಿಪಿಡಿ ಮೂಲಕ ಟೆಸ್ಟ್ ನೇಮ್ ಸರ್ವರನ್ನು ಕೇಳುತ್ತಿತ್ತು. ಟೆಸ್ಟ್‌ನಲ್ಲೂ ಪ್ರೊಡಕ್ಷನ್‌ನಲ್ಲೂ ಹೆಸರುಗಳು ಒಂದೇ, ವಿಳಾಸ ಮಾತ್ರ ಬೇರೆ. ಗ್ಲೋಬಲ್ ಕಡತ ಹಾಕಿದ್ದರೆ ಆ ಟೆಸ್ಟ್ ರೀಜನ್ ಯಾವ ತಪ್ಪು ಸಂದೇಶವೂ ಇಲ್ಲದೆ ಅಸಲಿ ಪ್ರೊಡಕ್ಷನ್ ಸರ್ವರ್‌ಗಳ ಜೊತೆ ಮಾತಾಡಲು ಶುರುಮಾಡುತ್ತಿತ್ತು. ಗ್ಲೋಬಲ್ ಕಡತವನ್ನು ತಡೆಹಿಡಿದೆವು. ಆ ರೀಜನ್ ಬೇರೆ ಎಲ್‌ಪಾರ್‌ಗೆ (ಮೇನ್‌ಫ್ರೇಮನ್ನು ಪಾಲು ಮಾಡಿದ ಇನ್ನೊಂದು ಭಾಗಕ್ಕೆ) ಹೋಗಿ, ಅಲ್ಲಿ ಅದರ ಟ್ರೇಸ್ ತೆಗೆದು, ನೇಮ್ ಸರ್ವರ್ ಸಾಲಿನಲ್ಲಿ ಟೆಸ್ಟ್ ವಿಳಾಸವನ್ನು ಕಣ್ಣಾರೆ ನೋಡಿದ ಮೇಲಷ್ಟೇ ಇಲ್ಲಿ ರಿಫ್ರೆಶ್ ಕೊಟ್ಟೆವು.